ಮರುಭೂಮಿಯ ಮೆಣಸಿನ ಗಿಡಕ್ಕೆ ಎರಡು ಸುಗ್ಗಿ

ಅಮೆರಿಕದ ಅರಿಜೋನಾ ರಾಜ್ಯದ ರಾಜಧಾನಿ ಫೀನಿಕ್ಸ್‌ನಲ್ಲಿ ಮೇ ತಿಂಗಳ ಹೊತ್ತಿಗೆ ಮೆಣಸಿನ ಗಿಡಗಳು ನೋಡಲು ಬಲು ಚೆನ್ನಾಗಿರುತ್ತವೆ. ಎಲೆ ದಟ್ಟ ಹಸಿರು, ಕವಲು ಕವಲಿಗೂ ಬಿಳಿ ಹೂ. ಜೂನ್ ನಡುವಿಗೆ ಬರುವಷ್ಟರಲ್ಲಿ ಆ ಹೂಗಳು ತೊಟ್ಟಿನ ಸಮೇತ ಕಳಚಿ ಪಾತಿಗೆ ಬಿದ್ದಿರುತ್ತವೆ. ಗಿಡ ಸಾಯುವುದಿಲ್ಲ, ರೋಗ ತಗುಲಿದ ಗುರುತೂ ಕಾಣುವುದಿಲ್ಲ. ಕಾಯಿ ಮಾತ್ರ ಕಟ್ಟುವುದಿಲ್ಲ. ಅಲ್ಲಿ ಹಿತ್ತಿಲಲ್ಲಿ ಮೆಣಸಿನಕಾಯಿ ಬೆಳೆಯಲು ಹೊರಟ ಬಹುತೇಕ ಎಲ್ಲರನ್ನೂ, ಕೆಲಸಕ್ಕೆಂದು ಹೋಗಿ ನೆಲೆಸಿರುವ ಕನ್ನಡಿಗರನ್ನೂ, ಮೊದಲು ಕಾಡುವ ಪ್ರಶ್ನೆ ಇದೇ. ಹೂ ಉದುರುವುದನ್ನು ಕಂಡವರು ಸಾಮಾನ್ಯವಾಗಿ ಎರಡು ಕೆಲಸ ಮಾಡುತ್ತಾರೆ: ನೀರು ಹೆಚ್ಚಿಸುತ್ತಾರೆ, ಗೊಬ್ಬರ ಹಾಕುತ್ತಾರೆ. ಎರಡರಿಂದಲೂ ಹೂ ನಿಲ್ಲುವುದಿಲ್ಲ. ಬೇರು ಕೊಳೆಯುವುದು, ಮಣ್ಣಿನಲ್ಲಿ ಉಪ್ಪು ಸೇರುವುದು ಇವೇ ಲಾಭ. ತೊಂದರೆಯ ಮೂಲ ಇರುವುದು ಗಿಡದಲ್ಲಲ್ಲ, ಪಂಚಾಂಗದಲ್ಲಿ.

ಫೀನಿಕ್ಸ್ ಸೊನೋರನ್ ಮರುಭೂಮಿಯ ತಗ್ಗಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 330 ಮೀಟರ್ ಎತ್ತರದಲ್ಲಿದೆ. ವರ್ಷಕ್ಕೆ ಬೀಳುವ ಮಳೆ 180 ಮಿಲಿಮೀಟರ್ ಆಸುಪಾಸು. ಜುಲೈನ ಸರಾಸರಿ ಗರಿಷ್ಠ ತಾಪಮಾನ 41 ಡಿಗ್ರಿ ಸೆಲ್ಸಿಯಸ್. 2023ರಲ್ಲಿ ಜೂನ್ 30ರಿಂದ ಜುಲೈ 30ರವರೆಗೆ ಸತತ 31 ದಿನ ಅಲ್ಲಿ ಗರಿಷ್ಠ ತಾಪಮಾನ 43.3 ಡಿಗ್ರಿಗಿಂತ ಕೆಳಗಿಳಿಯಲಿಲ್ಲ. ಆ ಜುಲೈ 19ರಂದು ದಾಖಲಾದ ಕನಿಷ್ಠ ತಾಪಮಾನವೇ 36.1 ಡಿಗ್ರಿ. ಅಂದರೆ ನಸುಕಿನ ಅತ್ಯಂತ ತಂಪಾದ ಗಳಿಗೆಯಲ್ಲೂ ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನಕ್ಕಿಂತ ಹೆಚ್ಚು ಸೆಕೆ. ಮೆಣಸಿನ ಗಿಡದ ಮಟ್ಟಿಗೆ ಹಗಲಿನ 43ಕ್ಕಿಂತ ಈ ರಾತ್ರಿಯ 36 ಹೆಚ್ಚು ಕೆಟ್ಟದ್ದು.

ಕರ್ನಾಟಕದಲ್ಲೂ ಬಿಸಿಲಿಗೆ ಹೆಸರಾದ ಊರುಗಳಿವೆ. ಕಲಬುರಗಿ, ರಾಯಚೂರುಗಳಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ ಪಾದರಸ 42 ಡಿಗ್ರಿ ದಾಟುವುದುಂಟು. ಆದರೆ ಆ ದಿನಗಳಲ್ಲಿ ಒಣಮೆಣಸಿನಕಾಯಿಯ ಬೆಳೆ ಹೊಲದಲ್ಲಿ ಇರುವುದಿಲ್ಲ. ಹಾವೇರಿ, ಗದಗ, ಧಾರವಾಡ ಜಿಲ್ಲೆಗಳ ಎರೆಹೊಲಗಳಲ್ಲಿ ಮುಂಗಾರಿನೊಂದಿಗೆ ಬೀಜ ಬೀಳುತ್ತದೆ ಇಲ್ಲವೇ ಸಸಿ ನಾಟಿಯಾಗುತ್ತದೆ, ಹಿಂಗಾರಿನ ಹದದಲ್ಲಿ ಹೂ, ಕಾಯಿ, ಚಳಿಗಾಲದಲ್ಲಿ ಹಣ್ಣು. ಬೇಸಿಗೆ ಏರುವ ಹೊತ್ತಿಗೆ ಕಾಯಿ ಒಣಗಿ ಬ್ಯಾಡಗಿಯ ಮಾರುಕಟ್ಟೆ ಸೇರಿರುತ್ತದೆ. ಉತ್ತರ ಕರ್ನಾಟಕದ ರೈತ ಕಡುಬೇಸಿಗೆಯಲ್ಲಿ ಕಾಯಿ ಕಟ್ಟು ಎಂದು ಗಿಡವನ್ನು ಎಂದೂ ಕೇಳಿದವನಲ್ಲ. ಅಮೆರಿಕದ ಬೀಜದ ಪೊಟ್ಟಣಗಳ ಮೇಲೆ ಅಚ್ಚಾಗಿರುವ ಸೂಚನೆ ಮಾತ್ರ ಇದಕ್ಕೆ ತೀರಾ ಉಲ್ಟಾ: ವಸಂತದಲ್ಲಿ ನೆಡಿ, ಬೇಸಿಗೆಯಲ್ಲಿ ಕೊಯ್ಯಿರಿ. ಒಹಾಯೊ ಅಥವಾ ನ್ಯೂಯಾರ್ಕ್‌ನಂಥ ತಂಪು ರಾಜ್ಯಗಳಿಗೆ ಅದು ಸರಿಯಾದ ಮಾತು. ಅದನ್ನೇ ನಂಬಿ ಏಪ್ರಿಲ್ ಕೊನೆಗೆ ನೆಟ್ಟವರು ಫೀನಿಕ್ಸ್‌ನಲ್ಲಿ ಬೇಸಿಗೆಯಿಡೀ ಎಲೆಗೆ ನೀರುಣಿಸುತ್ತ ಕೂರಬೇಕಾಗುತ್ತದೆ.

ಮೆಣಸಿನಕಾಯಿ ಖಾರವಾದ್ದರಿಂದ ಗಿಡಕ್ಕೂ ಸುಡುಬಿಸಿಲು ಹಿತವಿರಬೇಕೆಂಬ ಭಾವನೆ ಎಲ್ಲೆಡೆ ಇದೆ. ಅದಕ್ಕೆ ಆಧಾರವಿಲ್ಲ. ಹಗಲು 21ರಿಂದ 29, ರಾತ್ರಿ 16ರಿಂದ 21 ಡಿಗ್ರಿ ಇದ್ದಾಗ ಮೆಣಸಿನ ಗಿಡ ಚೆನ್ನಾಗಿ ಫಲಿಸುತ್ತದೆ. ಹಗಲು 32 ದಾಟಿ, ರಾತ್ರಿ 24ಕ್ಕಿಂತ ಕೆಳಗೆ ಬಾರದಿದ್ದರೆ ಹೂ ಉದುರತೊಡಗುತ್ತದೆ. ಮೆಣಸಿನ ಹೂವಿನಲ್ಲಿ ಗಂಡುಭಾಗ, ಹೆಣ್ಣುಭಾಗ ಎರಡೂ ಇರುವುದರಿಂದ ಸಾಮಾನ್ಯವಾಗಿ ಅದೇ ಹೂವಿನ ಪರಾಗದಿಂದ ಕಾಯಿ ಕಟ್ಟುತ್ತದೆ. ಆ ಪರಾಗ ರೂಪುಗೊಳ್ಳುವುದು ಹೂ ಅರಳುವುದಕ್ಕೆ ಎಷ್ಟೋ ದಿನ ಮೊದಲು, ಮೊಗ್ಗು ಇನ್ನೂ ಕಣ್ಣಿಗೆ ಕಂಡೂ ಕಾಣದಂತಿರುವಾಗ. ಆಗ ತಾಪ ಹೆಚ್ಚಾದರೆ ಪರಾಗ ಜೊಳ್ಳಾಗುತ್ತದೆ. ಮುಂದೆ ಹೂ ಅರಳಿದರೂ ಗರ್ಭ ಕಟ್ಟುವುದಿಲ್ಲ. ಗಿಡ ಆ ಹೂವನ್ನು ತೊಟ್ಟಿನಲ್ಲೇ ಕಡಿದು ಬೀಳಿಸುತ್ತದೆ. ಇವತ್ತು ತಂಪಾದರೆ ನಾಳೆಯೇ ಕಾಯಿ ಕಚ್ಚದಿರಲು ಕಾರಣವೂ ಇದೇ. ಹವೆ ಇಳಿದ ಮೇಲೆ ಹೊಸ ಮೊಗ್ಗು ಮೂಡಿ, ಅದರೊಳಗೆ ಒಳ್ಳೆಯ ಪರಾಗ ಬಲಿತು, ಅರಳುವವರೆಗೆ ಕಾಯಲೇಬೇಕು.

ರಾತ್ರಿಯ ಸೆಕೆಯ ಪೆಟ್ಟು ಇನ್ನೊಂದು ಬಗೆಯದು. ಹಗಲು ಎಲೆ ಕೂಡಿಟ್ಟ ಸಕ್ಕರೆಯಲ್ಲಿ ಒಂದು ಪಾಲು ರಾತ್ರಿಯ ಉಸಿರಾಟಕ್ಕೆ ಖರ್ಚಾಗುತ್ತದೆ. ತಾಪ ಏರಿದಷ್ಟೂ ಆ ಖರ್ಚು ಏರುತ್ತದೆ. ಇತ್ತ ಮಧ್ಯಾಹ್ನದ ಒಣಗಾಳಿಗೆ ಎಲೆ ತನ್ನ ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುವುದರಿಂದ ಗಳಿಕೆಯೂ ಕಡಿಮೆ. ಗಳಿಕೆ ಇಳಿದು ಖರ್ಚು ಏರಿದಾಗ ಗಿಡ ಮೊದಲು ಕೈಬಿಡುವುದು ಹೂವನ್ನು. ಮಧ್ಯಾಹ್ನ ಎರಡು ಗಂಟೆಗೆ ಎಲೆಗಳು ಜೋಲು ಬಿದ್ದಿದ್ದರೆ ಅದು ಬಾಯಾರಿಕೆಯೇ ಆಗಿರಬೇಕೆಂದಿಲ್ಲ. ಬೇರು ಎಳೆದುಕೊಡುವ ವೇಗಕ್ಕಿಂತ ಗಾಳಿ ಹೀರುವ ವೇಗ ಹೆಚ್ಚಾದಾಗ ಹದವಾದ ಮಣ್ಣಿನಲ್ಲೂ ಗಿಡ ಬಾಡುತ್ತದೆ, ಸಂಜೆಗೆ ಚೇತರಿಸಿಕೊಳ್ಳುತ್ತದೆ. ನೀರು ಬೇಕೋ ಬೇಡವೋ ಎಂದು ತಿಳಿಯಲು ಬೆಳಿಗ್ಗೆ ಗಿಡ ನೋಡಬೇಕು, ಬೆರಳನ್ನು ಮಣ್ಣಿಗೆ ಊರಿ ನೋಡಬೇಕು. ಬೆಳಿಗ್ಗೆಯೂ ಬಾಡಿದ್ದರೆ ಮಾತ್ರ ಚಿಂತೆಯ ವಿಷಯ.

ಇಷ್ಟೆಲ್ಲ ಕಷ್ಟದ ನಡುವೆಯೂ ಸೊನೋರನ್ ಮರುಭೂಮಿಯಲ್ಲಿ ಒಂದು ಮೆಣಸಿನ ಗಿಡ ಯಾರ ಆರೈಕೆಯೂ ಇಲ್ಲದೆ ಬೆಳೆಯುತ್ತದೆ. ಚಿಲ್ಟೆಪಿನ್ ಎಂಬ ಆ ಕಾಡುಮೆಣಸು ನಮ್ಮ ಅಡುಗೆಮನೆಯ ಮೆಣಸಿನಕಾಯಿಯ ಜಾತಿಗೇ ಸೇರಿದ್ದು, ಅದರ ಕಾಡುರೂಪ. ಬಟಾಣಿಗಿಂತ ಸಣ್ಣ, ಉರುಟಾದ ಕೆಂಪು ಕಾಯಿ, ನಾಲಿಗೆಗೆ ಸುರ್ರನೆ ಏರುವ ಖಾರ. ಮೆಕ್ಸಿಕೋದ ಸೊನೋರಾ ರಾಜ್ಯದ ಬೆಟ್ಟಗಳಲ್ಲಿ ಜನ ಇಂದಿಗೂ ಅದನ್ನು ಕಾಡಿನಿಂದಲೇ ಕೊಯ್ದು ತಂದು ಮಾರುತ್ತಾರೆ. ಅರಿಜೋನಾದ ದಕ್ಷಿಣ ಭಾಗ ಅದರ ನೆಲೆಯ ಉತ್ತರದ ಅಂಚು. ಅಲ್ಲಿನ ಟುಮಾಕಾಕರಿ ಬೆಟ್ಟಗಳಲ್ಲಿ, ಕೊರೊನಾಡೊ ರಾಷ್ಟ್ರೀಯ ಅರಣ್ಯದೊಳಗೆ, ಈ ಕಾಡುಮೆಣಸಿಗಾಗಿಯೇ 1999ರಲ್ಲಿ ಒಂದು ಸಂರಕ್ಷಿತ ಪ್ರದೇಶವನ್ನು ಗುರುತಿಸಲಾಯಿತು. ಮರುಭೂಮಿಯ ಬೆಳೆಗಳ ದೇಸಿ ಬೀಜ ಉಳಿಸಲು 1983ರಲ್ಲಿ ಟೂಸಾನ್ ನಗರದಲ್ಲಿ ಹುಟ್ಟಿದ ನೇಟಿವ್ ಸೀಡ್ಸ್ ಸರ್ಚ್ ಸಂಸ್ಥೆಯೂ, ಅದರ ಸ್ಥಾಪಕರಲ್ಲೊಬ್ಬರಾದ ಸಸ್ಯವಿಜ್ಞಾನಿ ಗ್ಯಾರಿ ನಬ್ಹಾನ್ ಅವರೂ ಚಿಲ್ಟೆಪಿನ್ ಉಳಿವಿಗೆ ದುಡಿದಿದ್ದಾರೆ.

ಚಿಲ್ಟೆಪಿನ್ ಬಯಲಿನಲ್ಲಿ ಬೆಳೆಯುವುದಿಲ್ಲ. ಅದು ಸಿಗುವುದು ಹೆಚ್ಚಾಗಿ ಹ್ಯಾಕ್‌ಬೆರಿ ಪೊದೆಗಳ ಅಡಿಯಲ್ಲಿ, ಮೆಸ್ಕೀಟ್ ಮರಗಳ ನೆರಳಿನಲ್ಲಿ. ಮೆಸ್ಕೀಟ್ ಎಂದರೆ ನಮ್ಮ ಬಯಲುಸೀಮೆಯಲ್ಲಿ ಹಬ್ಬಿಕೊಂಡಿರುವ ಬಳ್ಳಾರಿ ಜಾಲಿಯ ಹತ್ತಿರದ ನೆಂಟ. ಆ ಮರದ ಕೆಳಗೆ ಬಿಸಿಲು ಸೋಸಿ ಬೀಳುತ್ತದೆ, ಉದುರಿದ ಎಲೆ ನೆಲಕ್ಕೆ ಹೊದಿಕೆಯಾಗುತ್ತದೆ, ಚಳಿಗಾಲದ ಇಬ್ಬನಿಯ ಹೆಪ್ಪು ನೇರವಾಗಿ ತಾಗುವುದಿಲ್ಲ. ಕಾಡುಮೆಣಸು ಅಲ್ಲೇ ಮೊಳೆಯಲು ಕಾರಣ ಹಕ್ಕಿಗಳು. ನಬ್ಹಾನ್ ಮತ್ತು ಜೋಶುವಾ ಟ್ಯೂಕ್ಸ್‌ಬರಿ 2001ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ತೋರಿಸಿಕೊಟ್ಟಿತು. ಖಾರದ ಮೂಲವಾದ ಕ್ಯಾಪ್ಸೈಸಿನ್ ಇಲಿಗಳ ನಾಲಿಗೆಗೆ ಉರಿ, ಹಕ್ಕಿಗಳಿಗೆ ಅದು ತಿಳಿಯುವುದೇ ಇಲ್ಲ. ಖಾರವಿಲ್ಲದ ಕಾಯಿ ತಿನ್ನಿಸಿ ನೋಡಿದಾಗ ಇಲಿಗಳ ಹೊಟ್ಟೆಯ ಮೂಲಕ ಹೋದ ಬೀಜ ಮೊಳೆಯಲಿಲ್ಲ; ಥ್ರಾಶರ್ ಎಂಬ ಹಕ್ಕಿ ತಿಂದು ಹಾಕಿದ ಬೀಜ ಮೊಳೆಯಿತು. ಆ ಹಕ್ಕಿ ಕಾಯಿ ತಿಂದು ಕೂರುವುದು ಹಣ್ಣುಬಿಡುವ ಪೊದೆಗಳಲ್ಲಿ, ಹಾಗಾಗಿ ಬೀಜ ಬೀಳುವುದು ನೆರಳಿನಲ್ಲಿ.

ಕಾಡುಮೆಣಸು ಕಾಯಿ ಬಿಡುವ ಕಾಲವೂ ಗಮನಿಸಬೇಕಾದದ್ದು. ಸೊನೋರನ್ ಮರುಭೂಮಿಗೂ ಒಂದು ಮುಂಗಾರು ಇದೆ. ಜುಲೈ ಆರಂಭದಿಂದ ಸೆಪ್ಟೆಂಬರ್‌ವರೆಗೆ ದಕ್ಷಿಣದಿಂದ ತೇವದ ಗಾಳಿ ಬಂದು ಗುಡುಗುಮಳೆ ಸುರಿಯುತ್ತದೆ. ಚಿಲ್ಟೆಪಿನ್ ಆ ಮಳೆಗೆ ಚಿಗುರಿ ಹೂವಾಗಿ, ಶರತ್ಕಾಲದಲ್ಲಿ ಕೆಂಪಾಗುತ್ತದೆ. ಒಣಬೇಸಿಗೆಯ ಮೇ–ಜೂನ್ ಅದಕ್ಕೆ ಸುಮ್ಮನೆ ಜೀವ ಹಿಡಿದುಕೊಂಡಿರುವ ಕಾಲ. ಮರುಭೂಮಿಯಲ್ಲಿ ಮೆಣಸಿನಕಾಯಿ ಬೆಳೆಯಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಯಾವ ಪುಸ್ತಕದಲ್ಲೂ ಇಲ್ಲ. ತೋಟದ ಮೆಣಸನ್ನೂ ಹೀಗೆಯೇ ನಡೆಸಿಕೊಂಡರೆ ವರ್ಷಕ್ಕೆ ಎರಡು ಸುಗ್ಗಿ ಸಿಗುತ್ತದೆ: ಕಡುಬೇಸಿಗೆಗೆ ಮುಂಚೆ ಒಂದು, ಆಮೇಲೆ ಒಂದು. ನಡುವಿನ ಎರಡು–ಎರಡೂವರೆ ತಿಂಗಳು ಗಿಡವನ್ನು ಉಳಿಸಿಕೊಂಡರೆ ಸಾಕು, ಅದರಿಂದ ಏನನ್ನೂ ನಿರೀಕ್ಷಿಸಬಾರದು.

ಮೊದಲ ಸುಗ್ಗಿಗೆ ತಯಾರಿ ಡಿಸೆಂಬರ್‌ನಲ್ಲೇ ಶುರು. ಮೆಣಸಿನ ಬೀಜ ಮೊಳೆಯಲು ಮಣ್ಣು 27–30 ಡಿಗ್ರಿ ಬೆಚ್ಚಗಿರಬೇಕು. ಫೀನಿಕ್ಸ್‌ನ ಡಿಸೆಂಬರ್ ಅಷ್ಟು ಬೆಚ್ಚಗಿರದ ಕಾರಣ ಮನೆಯೊಳಗೆ ಟ್ರೇಗಳಲ್ಲಿ ಬೀಜ ಹಾಕುವುದು ರೂಢಿ. ಫೆಬ್ರವರಿ ಕೊನೆ ಅಥವಾ ಮಾರ್ಚ್ ಮೊದಲಲ್ಲಿ, ಹಿಮ ಬೀಳುವ ಭಯ ಕಳೆದ ಕೂಡಲೇ, ಸಸಿ ನಾಟಿಯಾಗಬೇಕು. ಇಲ್ಲಿ ಒಂದೊಂದು ವಾರವೂ ಬೆಲೆಬಾಳುತ್ತದೆ. ಏಪ್ರಿಲ್ ಮುಗಿಯುವುದರೊಳಗೆ ಬೇರು ಆಳಕ್ಕಿಳಿದು ಗಿಡ ಹರವಿಕೊಂಡಿದ್ದರೆ ಮೇ ತಿಂಗಳು ಮತ್ತು ಜೂನ್ ಆರಂಭದಲ್ಲಿ ಕೈತುಂಬ ಕಾಯಿ. ಮೊದಮೊದಲ ಹೂಗಳನ್ನು ಚಿವುಟಬೇಕೆಂದು ಕೆಲವರು ಹೇಳುವುದುಂಟು. ತಂಪು ಊರುಗಳಲ್ಲಿ ಅದರಿಂದ ಲಾಭವಿರಬಹುದು. ಹೂ ನಿಲ್ಲುವ ದಿನಗಳೇ ಎಣಿಸುವಷ್ಟಿರುವ ಮರುಭೂಮಿಯಲ್ಲಿ ಸಿಕ್ಕ ಹೂವನ್ನು ಕಳೆದುಕೊಳ್ಳುವುದು ಸರಿಯಲ್ಲ. ಟೂಸಾನ್ ನಗರ ಫೀನಿಕ್ಸ್‌ಗಿಂತ 400 ಮೀಟರ್ ಮೇಲಿರುವುದರಿಂದ ಅಲ್ಲಿ ರಾತ್ರಿ ಕೊಂಚ ತಂಪು, ಹಿಮದ ಭಯ ಕೊಂಚ ಹೆಚ್ಚು. ನಾಟಿ ಎರಡು–ಮೂರು ವಾರ ತಡವಾಗಿ ನಡೆಯುತ್ತದೆ.

ಜೂನ್ ಬಂದ ಮೇಲೆ ಮುಖ್ಯವಾದದ್ದು ನೆರಳು. ಮೂವತ್ತರಿಂದ ಐವತ್ತು ಪ್ರತಿಶತ ಬಿಸಿಲು ತಡೆಯುವ ಶೇಡ್ ನೆಟ್ ಸಾಕು. ಅದಕ್ಕಿಂತ ದಟ್ಟವಾದರೆ ಗಿಡ ಬೆಳಕು ಹುಡುಕಿಕೊಂಡು ಸಪೂರಾಗಿ ಎತ್ತರಕ್ಕೆ ಹೋಗುತ್ತದೆ. ಬಲೆಯನ್ನು ಗಿಡದ ಮೇಲೆ ಹೊದಿಸದೆ, ಗಾಳಿ ಆಡುವಂತೆ ಎತ್ತರದ ಚಪ್ಪರ ಹಾಕಿ ಕಟ್ಟಬೇಕು. ಬೆಳಗಿನ ಬಿಸಿಲಿನಿಂದ ತೊಂದರೆಯಿಲ್ಲ, ಪಡುವಣದ ಬಿಸಿಲನ್ನು ತಡೆಯಲೇಬೇಕು. ಮನೆಯ ಮೂಡಣ ಗೋಡೆಯ ಪಕ್ಕ ಪಾತಿ ಮಾಡಿದರೆ ಮಧ್ಯಾಹ್ನದ ನಂತರ ನೆರಳು ತಾನಾಗಿ ಬೀಳುತ್ತದೆ. ಪಡುವಣ ಗೋಡೆಯ ಪಕ್ಕದ ಜಾಗ ಎಲ್ಲಕ್ಕಿಂತ ಕೆಟ್ಟದ್ದು: ಹಗಲೆಲ್ಲ ಕಾದ ಇಟ್ಟಿಗೆ ರಾತ್ರಿ ಆ ಶಾಖವನ್ನು ಗಿಡದ ಮೇಲೇ ಬಿಡುತ್ತದೆ. ನೆರಳಿಲ್ಲದ ಗಿಡದಲ್ಲಿ ಕಟ್ಟಿದ ಕಾಯಿಗಳಿಗೂ ಬಿಸಿಲು ಬಡಿಯುತ್ತದೆ. ಬಿಸಿಲಿಗೆ ಮುಖ ಮಾಡಿದ ಕಡೆ ಸಿಪ್ಪೆ ಬೆಳ್ಳಗೆ ಕಾಗದದಂತಾಗಿ, ಮುಂದೆ ಅಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ಎಲೆ ದಟ್ಟವಾಗಿದ್ದಷ್ಟೂ ಕಾಯಿಗೆ ರಕ್ಷಣೆ ಹೆಚ್ಚು, ಆದ್ದರಿಂದ ಬೇಸಿಗೆಯಲ್ಲಿ ಕವಲು ಕತ್ತರಿಸಲೇಬಾರದು.

ನೀರಿನ ಮಾತಿನ ಜೊತೆಗೆ ಉಪ್ಪಿನ ಮಾತೂ ಬರುತ್ತದೆ. ಫೀನಿಕ್ಸ್‌ಗೆ ನೀರುಣಿಸುವ ನದಿಗಳಲ್ಲೊಂದರ ಹೆಸರೇ ಸಾಲ್ಟ್ ರಿವರ್; ಇನ್ನೊಂದು ಮೂಲವಾದ ಕೊಲೊರಾಡೊ ನದಿಯ ನೀರೂ ಗಡಸು. ಮೆಣಸಿನ ಗಿಡ ಉಪ್ಪಿಗೆ ಬೇಗ ಸೋಲುವ ಬೆಳೆ. ಮಣ್ಣಿನ ಲವಣಾಂಶ ಮೀಟರ್‌ಗೆ 1.5 ಡೆಸಿಸೀಮನ್ಸ್ ದಾಟಿದರೆ ಅದರ ಇಳುವರಿ ಇಳಿಯತೊಡಗುತ್ತದೆ, ಟೊಮೆಟೊ 2.5ರವರೆಗೂ, ಖರ್ಜೂರದ ಮರ 4ರವರೆಗೂ ತಾಳುತ್ತವೆ. ದಿನಾ ಸ್ವಲ್ಪ ಸ್ವಲ್ಪ ನೀರು ಚಿಮುಕಿಸಿದರೆ ನೀರು ಆವಿಯಾಗಿ ಉಪ್ಪು ಮೇಲ್ಮಣ್ಣಿನಲ್ಲೇ, ಬೇರಿನ ನಡುವೆಯೇ ಉಳಿಯುತ್ತದೆ. ಎಲೆಯಂಚು ಕಂದಾಗಿ ಸುಡುವುದು ಅದರ ಮೊದಲ ಗುರುತು. ಹನಿ ಕೊಳವೆಯಿಂದ ನಿಧಾನವಾಗಿ, ಒಂದೂವರೆ–ಎರಡು ಅಡಿ ಆಳ ನೆನೆಯುವಷ್ಟು ನೀರು ಕೊಟ್ಟು, ಮೇಲಿನ ಒಂದೆರಡು ಅಂಗುಲ ಆರಿದ ಮೇಲೆ ಮತ್ತೆ ಕೊಡುವುದು ಸರಿಯಾದ ಕ್ರಮ. ಆಗಾಗ ಒಮ್ಮೆ ಹೆಚ್ಚು ಹೊತ್ತು ನೀರು ಬಿಟ್ಟು ಉಪ್ಪನ್ನು ಬೇರಿನ ಕೆಳಕ್ಕೆ ತಳ್ಳಬೇಕು. ನೀರು ಒಮ್ಮೆ ಹೆಚ್ಚು ಒಮ್ಮೆ ಕಡಿಮೆಯಾದರೆ ಕಾಯಿಯ ತುದಿ ಕಪ್ಪಾಗಿ ಕೊಳೆಯುತ್ತದೆ. ಅದು ಸುಣ್ಣದಂಶ ಕಾಯಿಗೆ ತಲುಪದ್ದರ ಫಲ. ಮಣ್ಣಿನಲ್ಲಿ ಸುಣ್ಣ ಬೇಕಾದಷ್ಟಿದ್ದರೂ ನೀರಿನ ಹರಿವು ಸಮನಾಗಿಲ್ಲದಿದ್ದರೆ ಗಿಡಕ್ಕೆ ಅದು ಸಿಗದು, ಹಾಗಾಗಿ ಮೇಲಿಂದ ಸುಣ್ಣ ಹಾಕಿ ಪ್ರಯೋಜನವಿಲ್ಲ.

ಬುಡಕ್ಕೆ ಮೂರು–ನಾಲ್ಕು ಅಂಗುಲ ಹುಲ್ಲು, ತರಗೆಲೆಯ ಹೊದಿಕೆ ಹಾಸಿದರೆ ಮಣ್ಣಿನ ತಾಪ ಗಣನೀಯವಾಗಿ ಇಳಿಯುತ್ತದೆ. ಮೆರುಗಿಲ್ಲದ ಮಣ್ಣಿನ ಮಡಕೆಯನ್ನು ಕತ್ತಿನವರೆಗೆ ಹೂತು ನೀರು ತುಂಬಿಡುವ ಹಳೆಯ ವಿಧಾನವೂ ಅರಿಜೋನಾದ ಹಿತ್ತಿಲುಗಳಲ್ಲಿ ಮತ್ತೆ ಕಾಣುತ್ತಿದೆ. ಮಡಕೆಯ ಗೋಡೆಯಿಂದ ಜಿನುಗುವ ನೀರು ನೇರ ಬೇರಿಗೆ ಸೇರುತ್ತದೆ, ಬಿಸಿಲಿಗೆ ಸಿಗುವುದಿಲ್ಲ. ಕೊಲೊರಾಡೊ ನದಿಯ ನೀರಿಗೆ 2021ರ ಆಗಸ್ಟ್‌ನಲ್ಲಿ ಅಮೆರಿಕ ಸರ್ಕಾರ ಮೊದಲ ಬಾರಿಗೆ ಕೊರತೆ ಘೋಷಿಸಿ, ಮರುವರ್ಷ ಅರಿಜೋನಾದ ಪಾಲನ್ನು ಕಡಿತಗೊಳಿಸಿತು. ಅಂಥ ಊರಿನಲ್ಲಿ ಹಿತ್ತಿಲ ಬೆಳೆಗೆ ನೀರು ಎಷ್ಟು ಬಳಸುತ್ತೇವೆಂಬುದು ಬೆಳೆಗಾರರ ಜವಾಬ್ದಾರಿಯ ಭಾಗವೇ.

ಅಲ್ಲಿನ ಮಣ್ಣು ಕ್ಷಾರ, ರಸಸಾರ 8ರ ಆಸುಪಾಸು. ಅನೇಕ ಕಡೆ ಅಗೆಯುತ್ತ ಹೋದರೆ ಕಲೀಚೆ ಎಂಬ ಸುಣ್ಣದ ಗಟ್ಟಿಪದರ ಸಿಗುತ್ತದೆ; ಗುದ್ದಲಿಗೂ ಬಗ್ಗದು, ನೀರನ್ನೂ ಇಳಿಯಗೊಡದು. ಗುಂಡಿ ತೋಡಿ ನೀರು ತುಂಬಿ ನೋಡಿ, ದಿನವಾದರೂ ಇಂಗದಿದ್ದರೆ ಅಲ್ಲಿ ಮೆಣಸು ನೆಡಬಾರದು. ಕ್ಷಾರ ಮಣ್ಣಿನಲ್ಲಿ ಕಬ್ಬಿಣದ ಅಂಶ ಗಿಡಕ್ಕೆ ಎಟುಕದೆ ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರುಳಿಯುತ್ತದೆ. ಚೆನ್ನಾಗಿ ಕಳಿತ ಕಾಂಪೋಸ್ಟ್ ಇದಕ್ಕೆ ಒಳ್ಳೆಯ ಪರಿಹಾರ. ಹಸಿ ಕೊಟ್ಟಿಗೆ ಗೊಬ್ಬರದಲ್ಲಿ ಉಪ್ಪಿನ ಅಂಶ ಹೆಚ್ಚಿರುವುದರಿಂದ ಅದನ್ನು ದೂರವಿಡುವುದೇ ಮೇಲು. ಏರುಮಡಿ ಎಲ್ಲ ಕಡೆ ಒಳ್ಳೆಯದೆಂಬ ಮಾತನ್ನೂ ಇಲ್ಲಿ ಕುರುಡಾಗಿ ಒಪ್ಪಬೇಕಿಲ್ಲ. ಏರುಮಡಿ ನಾಲ್ಕೂ ಕಡೆಯಿಂದ ಕಾದು ಬೇಗ ಒಣಗುತ್ತದೆ. ನ್ಯೂ ಮೆಕ್ಸಿಕೋದ ಜೂನಿ ಬುಡಕಟ್ಟಿನವರು ತಲೆಮಾರುಗಳಿಂದ ಮಾಡುತ್ತ ಬಂದಿರುವುದು ತಗ್ಗುಮಡಿ: ಸುತ್ತ ಮಣ್ಣಿನ ಬದು, ನಡುವೆ ಚೌಕನೆಯ ಗುಣಿ, ನೀರೆಲ್ಲ ಅದರಲ್ಲೇ. ನೀರು ಇಂಗುವ ನೆಲವಾಗಿದ್ದರೆ ಮರುಭೂಮಿಗೆ ಇದೇ ಹೆಚ್ಚು ಹೊಂದುತ್ತದೆ. ಕುಂಡದಲ್ಲಿ ಬೆಳೆಯುವವರು ಕಪ್ಪು ಪ್ಲಾಸ್ಟಿಕ್ ಕುಂಡಗಳನ್ನು ಬಿಸಿಲಿಗಿಟ್ಟರೆ ಬೇರು ಬೇಯುತ್ತದೆ. ತಿಳಿಬಣ್ಣದ, ಕನಿಷ್ಠ 20 ಲೀಟರ್ ಹಿಡಿಯುವ ಕುಂಡ ಬೇಕು.

ಕೀಟಗಳಲ್ಲಿ ಎರಡರ ಮೇಲೆ ಕಣ್ಣಿಡಬೇಕು. ಒಣಸೆಕೆಯಲ್ಲಿ ಎಲೆಯ ಕೆಳಗೆ ಬಲೆ ನೇಯುವ ನುಸಿಯನ್ನು ನಸುಕಿನಲ್ಲಿ ನೀರು ರಭಸವಾಗಿ ಚಿಮ್ಮಿಸಿ ತೊಳೆದರೆ ಹತೋಟಿಗೆ ಬರುತ್ತದೆ. ಬೀಟ್ ಜಿಗಿಹುಳು ತರುವ ಎಲೆಮುರುಟು ನಂಜಿಗೆ ಮದ್ದಿಲ್ಲ. ಅದು ತಗುಲಿದ ಗಿಡವನ್ನು ಕಿತ್ತೆಸೆಯಬೇಕು. ಆ ಹುಳುವಿಗೆ ನೆರಳು ಆಗದು, ಹಾಗಾಗಿ ಶೇಡ್ ನೆಟ್ ಇಲ್ಲೂ ನೆರವಿಗೆ ಬರುತ್ತದೆ.

ಎರಡನೇ ಸುಗ್ಗಿಗೆ ಆಗಸ್ಟ್ ಕೊನೆಯಲ್ಲಿ ಕೆಲಸ ಶುರು. ಒಣಗಿದ ರೆಂಬೆಗಳನ್ನು ಹಗುರವಾಗಿ ಸವರಿ, ಬುಡಕ್ಕೆ ಒಂದಿಷ್ಟು ಗೊಬ್ಬರ ಕೊಟ್ಟರೆ ಸೆಪ್ಟೆಂಬರ್‌ನಲ್ಲಿ ಹೊಸ ಚಿಗುರು, ಮೊಗ್ಗು. ಸೆಪ್ಟೆಂಬರ್ ಕೊನೆಗೆ ರಾತ್ರಿ 24 ಡಿಗ್ರಿಗಿಂತ ಕೆಳಗಿಳಿಯತೊಡಗಿದಾಗ ನೆರಳಿನ ಬಲೆ ತೆಗೆಯಬಹುದು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಈ ಕಾಯಿ ಮೊದಲ ಸುಗ್ಗಿಗಿಂತ ಹೆಚ್ಚು. ಬೇರು ಆಗಲೇ ಬಲಿತಿರುತ್ತದೆ. ಮೆಣಸು ವರ್ಷಕ್ಕೆ ಮುಗಿಯುವ ಗಿಡವಲ್ಲ. ಹಿಮ ಬೀಳುವ ರಾತ್ರಿಗಳಲ್ಲಿ ಬಟ್ಟೆ ಹೊದಿಸಿ ಕಾಪಾಡಿದರೆ ಮರುವರ್ಷ ಫೆಬ್ರವರಿಯಲ್ಲೇ ಚಿಗುರಿ, ಹೊಸ ಸಸಿಗಿಂತ ತಿಂಗಳು ಮೊದಲೇ ಹೂ ಬಿಡುತ್ತದೆ. ಹೂ ನಿಲ್ಲುವ ಕಾಲವೇ ಚಿಕ್ಕದಿರುವ ಕಡೆ ಆ ಒಂದು ತಿಂಗಳು ದೊಡ್ಡ ಲಾಭ. ಹೋದ ವರ್ಷದ ಗಿಡವನ್ನು ಡಿಸೆಂಬರ್‌ನಲ್ಲಿ ಕಿತ್ತು ಬಿಸಾಡುವುದರಷ್ಟು ದೊಡ್ಡ ನಷ್ಟ ಮತ್ತೊಂದಿಲ್ಲ.

ತಳಿಯ ಆಯ್ಕೆಯಲ್ಲಿ ಒಂದು ಸರಳ ಸೂತ್ರವಿದೆ: ಕಾಯಿ ಸಣ್ಣದಾದಷ್ಟೂ ಸೆಕೆ ತಾಳುವ ಶಕ್ತಿ ಹೆಚ್ಚು. ಚಿಲ್ಟೆಪಿನ್, ಥಾಯ್ ಮೆಣಸು, ಸೆರಾನೊ ಕೊನೆಯವರೆಗೂ ಒಂದೆರಡು ಕಾಯಿ ಕಚ್ಚುತ್ತಲೇ ಇರುತ್ತವೆ. ದೊಣ್ಣೆಮೆಣಸು ಎಲ್ಲಕ್ಕಿಂತ ಮೊದಲು ಕೈಚೆಲ್ಲುತ್ತದೆ. ಕನ್ನಡಿಗರಿಗೆ ಪ್ರಿಯವಾದ ಬ್ಯಾಡಗಿ ಇವೆರಡರ ನಡುವಿನದು. ಸುಕ್ಕುಗಟ್ಟಿದ ಉದ್ದ ಕಾಯಿ, ಕಡುಗೆಂಪು ಬಣ್ಣ, ಮಿತವಾದ ಖಾರಕ್ಕೆ ಹೆಸರಾಗಿ 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ತಳಿಗೆ ಊರಿನಲ್ಲಿ ಮುಂಗಾರಿನಿಂದ ಚಳಿಗಾಲದವರೆಗಿನ ಆಯುಷ್ಯ. ಫೀನಿಕ್ಸ್‌ನಲ್ಲಿ ಅದಕ್ಕೆ ಶರತ್ಕಾಲದ ಸುಗ್ಗಿಯೇ ಒಗ್ಗುತ್ತದೆ, ಒಣಗಾಳಿಯಲ್ಲಿ ಕಾಯಿ ಬೂಷ್ಟು ಹಿಡಿಯದೆ ಬೇಗ ಒಣಗುತ್ತದೆ. ನೀರಿನ ಕೊರತೆಗೆ ಖಾರ ತುಸು ಏರುವುದು ಸಹಜ. ಊರಿನಿಂದ ಬೀಜ ಒಯ್ಯುವವರು ಅಮೆರಿಕದ ಕೃಷಿ ಇಲಾಖೆಯ ನಿಯಮಗಳನ್ನು ಮೊದಲೇ ತಿಳಿದುಕೊಳ್ಳಬೇಕು.

ಕೊಲ್ಲಿ ದೇಶಗಳ ಲೆಕ್ಕ ಇದಕ್ಕಿಂತ ಸುಲಭ. ದುಬೈ, ಅಬುಧಾಬಿಗಳಲ್ಲಿ ನೆಲೆಸಿದ ಕರಾವಳಿಯ ಕುಟುಂಬಗಳು ಬಾಲ್ಕನಿಯಲ್ಲಿ ಮೆಣಸು ಬೆಳೆಯುವುದು ಚಳಿಗಾಲದಲ್ಲಿ. ಅಲ್ಲಿ ಜನವರಿಯ ಹಗಲು 24, ರಾತ್ರಿ 14 ಡಿಗ್ರಿ ಆಸುಪಾಸು, ಹಿಮದ ಕಾಟವಿಲ್ಲ. ಸೆಪ್ಟೆಂಬರ್‌ನಲ್ಲಿ ಮನೆಯೊಳಗೆ ಬೀಜ ಹಾಕಿ, ಅಕ್ಟೋಬರ್ ಕೊನೆಗೆ ಸಸಿಯನ್ನು ಕುಂಡಕ್ಕೆ ಬದಲಿಸಿದರೆ ಡಿಸೆಂಬರ್ ಕೊನೆಯಿಂದ ಮೇ ಆರಂಭದವರೆಗೆ ಒಂದೇ ಉದ್ದನೆಯ ಸುಗ್ಗಿ. ನಲ್ಲಿಗೆ ಬರುವುದು ಸಮುದ್ರದಿಂದ ಶುದ್ಧೀಕರಿಸಿದ ನೀರಾದ್ದರಿಂದ ಉಪ್ಪಿನ ಚಿಂತೆ ಕಡಿಮೆ. ತೋಟಗಳಲ್ಲಿ ಬಾವಿಯ ಸವಳು ನೀರು ಬಳಸುವವರಿಗೆ ಆ ಅನುಕೂಲ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ರಾತ್ರಿಯೂ 30 ಡಿಗ್ರಿ, ಮೇಲಾಗಿ ಕಡಲ ತೇವ. ಕಾಯಿಯ ಆಸೆ ಬಿಟ್ಟು, ಕುಂಡವನ್ನು ಮೂಡಣದ ನೆರಳಿಗೆ ಸರಿಸಿ, ಗಿಡದ ಜೀವ ಉಳಿಯುವಷ್ಟು ನೀರು ಕೊಟ್ಟು ಅಕ್ಟೋಬರ್‌ಗೆ ಕಾಯಬೇಕು.